ಒಳಗೆಳೆಯುವಾಗಲೋ, ಬಿಡುವಾಗಲೋ

ಮಗು ಉಸಿರಾಡುತ್ತಿದೆಯೆಂಬುದು ಪಡಸಾಲೆಯಲ್ಲಿ ಕೂತವರಿಗೂ ಕೇಳುತ್ತಿತ್ತು. ಬೇರೆಯವರ ಮನೆಯ ಮಕ್ಕಳು ಉಸಿರಾಡುವುದು ಹೀಗೆ ಯಾರಿಗೂ ಕೇಳುವುದಿಲ್ಲ, ಹತ್ತಿರ ಹೋಗಿ ಹೊದಿಕೆ ಏರಿಳಿಯುವುದನ್ನು ನೋಡಿಯೇ ತಿಳಿಯಬೇಕು ಎಂದು ಭೀಮರಾಜು ಕಾಫಿಯ ಲೋಟವನ್ನು ತುಟಿಗೆ ತಂದವನು ಕುಡಿಯದೆ ಯೋಚಿಸಿದ. ಬಾಣಂತಿ ಕೋಣೆಯ ಬಾಗಿಲಿಗೆ ಇಳಿಬಿಟ್ಟಿದ್ದ ಹಳೆಯ ಸೀರೆಯ ಹಿಂದಿನಿಂದ ಆ ಸದ್ದು ಬರುತ್ತಿತ್ತು. ಸಣ್ಣಗೆ ಎಳೆದು, ಕೊನೆಯಲ್ಲಿ ಒಂಚೂರು ನಡುಗಿ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅದನ್ನು ಯಾವುದಕ್ಕಾದರೂ ಹೋಲಿಸಿಕೊಂಡರೆ ಭಯ ಕಡಿಮೆಯಾದೀತೆಂದು ನಿನ್ನೆಯಿಂದ ಪ್ರಯತ್ನಿಸುತ್ತಿದ್ದ. ಬುಟ್ಟಿ ಕವುಚಿದ ಕೋಳಿಮರಿಯಂತೆ ಅಂದುಕೊಂಡ. ಸ್ಕೂಲಿನ ವಾಲಿಬಾಲಿಗೆ ಗಾಳಿ ತುಂಬುವಾಗ ಪಿನ್ನಿನ ಪಕ್ಕದಿಂದ ಸೋರುತ್ತದಲ್ಲ, ಹಾಗೆ ಅಂದುಕೊಂಡ. ಎರಡೂ ಸರಿಯಾಗಿಯೇ ಇದ್ದವು. ಎರಡೂ ಸ್ವಂತ ಮಗಳ ಬಗ್ಗೆ ತಂದೆಯಾದವನು ಯೋಚಿಸಬಾರದಂಥವಾಗಿದ್ದವು. ಅಂಗಳದಲ್ಲಿ ಮಾವ ಶ್ರೀರಂಗಯ್ಯ ಅಟ್ಟದಿಂದ ಇಳಿಸಿದ ಒಣಗಾಯಿಗಳ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡಿದ್ದರೆ ಗಡಗಡ ಅನ್ನುತ್ತದೆ, ಅದು ತಿಪಟೂರಿನ ಮಾರ್ಕೆಟ್ಟಿಗೆ. ಸದ್ದು ಮಾಡದ್ದು ಮತ್ತೆ ಅಟ್ಟಕ್ಕೆ. ಈ ಮನೆಯಲ್ಲಿ ಸದ್ದು ಮಾಡುವುದನ್ನೇ ಗುಣವೆಂದು ಎಣಿಸುತ್ತಾರೆ, ತನ್ನೊಬ್ಬನನ್ನು ಬಿಟ್ಟು ಎಂದು ಭೀಮರಾಜುವಿಗೆ ಅನ್ನಿಸಿತು.

ಅವನು ಮಾಡುವ ಸದ್ದೆಂದರೆ ಗೊರಕೆ. ಮಾಯಸಂದ್ರದ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದ ಭೀಮರಾಜು ಎಚ್ಚರವಿದ್ದಷ್ಟು ಹೊತ್ತು ಮೆದು ಮಾತಿನವನು. ಅವನ ಕೂಗು ಫೀಲ್ಡಿನ ಅರ್ಧಕ್ಕೂ ಮುಟ್ಟುವುದಿಲ್ಲವೆಂದೇ ಕೊರಳಲ್ಲಿ ಸದಾ ವಿಷಲ್ ಇರುತ್ತಿತ್ತು. ಮಲಗಿದರೆ ಮಾತ್ರ ಅವನೊಳಗಿಂದ ಇನ್ಯಾರೋ ಎದ್ದು ಕೂಗತೊಡಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಪವಿತ್ರಾಳ ಕಡೆಯವರೆಲ್ಲ ವ್ಯಾನು ಮಾಡಿಕೊಂಡು ಮನೆದೇವರಿಗೆ ಹೋಗಿ ಛತ್ರದ ಹಾಲಿನಲ್ಲಿ ಸಾಲಾಗಿ ಮಲಗಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅಷ್ಟು ದೊಡ್ಡ ಹಾಲಿನಲ್ಲಿ ಅವನೊಬ್ಬನೇ ಇದ್ದ. ಉಳಿದವರೆಲ್ಲ ಚಾಪೆ ಎಳೆದುಕೊಂಡು ಹೊರಗೆ ಹೋಗಿ ಚಪ್ಪಲಿಗಳ ಮಧ್ಯೆ ಮಲಗಿದ್ದರು. ಯಾರೂ ಏನೂ ಅನ್ನಲಿಲ್ಲ. ಅತ್ತೆ ಚಿಕ್ಕಗೌರಮ್ಮ ಮಾತ್ರ ಕಾಫಿ ಕೊಡುವಾಗ ಮಗಳ ಕಡೆ ತಿರುಗಿ, "ಅಳಿಯಂದ್ರಿಗೆ ಮೈಗೆ ಹುಷಾರಿಲ್ವೇನೇ" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಬೈದಿದ್ದರೆ ಮರೆಯಬಹುದಿತ್ತು. ಅಂದಿನಿಂದ ಶೆಟ್ಟಿಕೆರೆ ಪಕ್ಕದ ಈ ಊರಿಗೆ ಬಂದಾಗೆಲ್ಲ ಅವನ ಹಾಸಿಗೆ ಜಗಲಿಯ ಮೇಲೆ ಬೀಳುತ್ತಿತ್ತು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು. ಮಾಗಿಯಲ್ಲೂ ಬರುತ್ತಿತ್ತು.

ಆದ್ದರಿಂದ ಹುಟ್ಟಿದ ಹತ್ತು ಹನ್ನೆರಡು ದಿನಕ್ಕೆ ಮಗು ಸದ್ದು ಮಾಡತೊಡಗಿದಾಗ ಯಾರೂ ಕಾರಣ ಹುಡುಕಲು ಹೋಗಲಿಲ್ಲ. ಕಾರಣ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸಿಳಿದು ಬರುತ್ತಲೇ ಇತ್ತಲ್ಲ. ಅಪ್ಪನ ಹಂಗೇ ಅಂದರು. ನೋಡಲು ಬಂದವರು ಮೂಗು ಯಾರದ್ದು, ಹಣೆ ಯಾರದ್ದು ಎಂದು ಹಂಚುವಾಗ ಉಸಿರು ಅಪ್ಪಂದು ಅಂದರು. ಮಗುವಿಗೆ ನೀರು ಹಾಕಲು ಬರುವ ಸಿದ್ದಕ್ಕನಂತೂ, "ಪೀಟಿ ಮೇಷ್ಟ್ರ ಮಗ್ಳು ಕಣವ್ವ, ಬರ್ತಾನೇ ವಿಷಲ್ ಕಚ್ಕಂಡು ಬಂದವ್ಳೆ" ಎಂದು ಬೀದಿಯಲ್ಲೆಲ್ಲ ಹೇಳಿಬಂದಿದ್ದಳು. ಭೀಮರಾಜು ನಕ್ಕಿದ್ದ. ನಗುವುದು ಬಿಟ್ಟು ಬೇರೇನು ಮಾಡಬಹುದಿತ್ತು. ಆದರೆ ಆ ನಗುವಿನ ಕೆಳಗೆ ಅವನಿಗೆ ಒಂದು ಆಸೆ ಹುಟ್ಟಿಕೊಂಡಿತು. ಅದರ ಮುಖವನ್ನು ಅವನು ಸರಿಯಾಗಿ ನೋಡಿದ್ದು ನಿನ್ನೆ ಬಸ್ಸಿನಲ್ಲಿ, ತುರುವೇಕೆರೆ ದಾಟಿದ ಮೇಲೆ, ಕಿಟಕಿಯ ಹೊರಗೆ ತೆಂಗಿನ ಮರಗಳು ಡ್ರಿಲ್ಲಿಗೆ ನಿಂತ ಮಕ್ಕಳಂತೆ ಸಾಲು ತಪ್ಪದೆ ಹಿಂದೆ ಹೋಗುತ್ತಿದ್ದಾಗ. ಮಗುವಿನದು ಏನಾದರೂ ರೋಗವಾಗಿದ್ದರೆ ಸಾಕು ಎಂದು ಅವನು ಬಯಸುತ್ತಿದ್ದ. ದೊಡ್ಡದಲ್ಲ, ಸಣ್ಣದು, ಹೆಸರಿರುವಂಥದ್ದು. ಹೆಸರಿದ್ದರೆ ಅದು ತನ್ನ ಗೊರಕೆಯಲ್ಲ ಎಂದಾಗುತ್ತದೆ. ತಿಂಗಳು ತುಂಬದ ಸ್ವಂತ ಕೂಸಿಗೆ ರೋಗ ಬಯಸುವ ತಂದೆ ಈ ಬಸ್ಸಿನಲ್ಲಿ ತಾನೊಬ್ಬನೇ ಎಂದುಕೊಂಡ. ಹಾಗಾದರೆ ರೋಗ ಬೇಡ, ತನ್ನ ಗೊರಕೆಯೇ ಆಗಿರಲಿ ಎಂದು ತಿದ್ದಿಕೊಂಡ. ಹೆಣ್ಣು ಕೂಸು, ದೊಡ್ಡದಾದ ಮೇಲೆ ಯಾರು ತಗಂತಾರೆ ಎಂದು ಅತ್ತೆ ಅಡಿಗೆಮನೆಯಲ್ಲಿ ಅಂದದ್ದು ನೆನಪಾಗಿ, ಬೇಡ, ರೋಗವೇ ಇರಲಿ ಅಂದುಕೊಂಡ. ಹೀಗೆ ಮಗುವನ್ನು ಅತ್ತಲಿಂದಿತ್ತ ಸಾಗಿಸುತ್ತ ಇಳಿಯಬೇಕಾದ ಸ್ಟಾಪು ದಾಟಿ ಮುಂದೆ ಹೋಗಿ, ಬಿಸಿಲಲ್ಲಿ ನಡೆದು ಬಂದಿದ್ದ.

ಬಂದವನೇ ಯಾರಿಗೂ ಹೇಳದೆ ಮಗುವಿನ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದು ನಿಶ್ಚಯಿಸಿದ್ದ. ಡಾಕ್ಟರ ಮುಂದೆ ಬಾಯಲ್ಲಿ ಅನುಕರಣೆ ಮಾಡಿ ತೋರಿಸುವುದು ಅವನಿಂದ ಆಗದ ಕೆಲಸ. ತನ್ನ ಊಟವಾದ ಮೇಲೆ, ಪವಿತ್ರಾ ಎಣ್ಣೆನೀರಿಗೆ ಹೋದಾಗ, ಮಗು ನೋಡಿಕೊಳ್ಳುತ್ತೇನೆಂದು ಕೋಣೆಯೊಳಗೆ ಹೋಗಿ, ತೊಟ್ಟಿಲ ಪಕ್ಕ ಚಾಪೆಯ ಮೇಲೆ ಕೂತು, ಫೋನನ್ನು ತೊಟ್ಟಿಲ ಹಗ್ಗಕ್ಕೆ ಒರಗಿಸಿ ಬಟನ್ ಒತ್ತಿದ. ಕೋಣೆ ಬೆಚ್ಚಗಿತ್ತು. ಸಾಂಬ್ರಾಣಿಯ ವಾಸನೆಯಿತ್ತು. ಮಗುವಿನ ಮುಷ್ಟಿ ಒಂದು ತೊಟ್ಟಿಲ ಅಂಚಿನಲ್ಲಿ ಕಾಣಿಸುತ್ತಿತ್ತು. ಈ ಮುಷ್ಟಿಗೆ ತಾನು ಅಪ್ಪ ಎಂದು ಯೋಚಿಸುತ್ತ ಗೋಡೆಗೆ ಒರಗಿದ್ದಷ್ಟೇ ಅವನಿಗೆ ನೆನಪು.

ಈಗ ಬೆಳಗಿನ ಬಿಸಿಲು ಅಂಗಳಕ್ಕೆ ಇಳಿದಿತ್ತು. ಸಿದ್ದಕ್ಕ ಮಗುವನ್ನು ಕೋಣೆಯಿಂದ ಎತ್ತಿ ತಂದು ಬಚ್ಚಲಲ್ಲಿ ಚಾಚಿದ ಕಾಲ ಮೇಲೆ ಹಾಕಿಕೊಂಡಳು. ನೀರು ಬಿದ್ದ ಕೂಡಲೇ ಮಗು ಅತ್ತಿತು, ಅಳುವಿನ ಪ್ರತಿ ತುದಿಯಲ್ಲೂ ಆ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು. ಭೀಮರಾಜು ಲೋಟ ಕೆಳಗಿಟ್ಟು ಬಚ್ಚಲ ಬಾಗಿಲಿಗೆ ಹೋಗಿ ನಿಂತ. ಸಿದ್ದಕ್ಕ ಬಟ್ಟಲಿಂದ ಎಣ್ಣೆ ಅದ್ದಿ ಮಗುವಿನ ಮೂಗಿಗೆ ಬಿಡುತ್ತಿದ್ದಳು.

"ಎಣ್ಣೆ ಯಾಕಕ್ಕ ಮೂಗಿಗೆ?"

"ಮತ್ತೆಲ್ಲಿಗೆ ಬುಡ್ಲಿ ಮೇಷ್ಟ್ರೇ. ಕಟ್ಕಂಡಿರಾದು ಮೂಗಲ್ವಾ. ಎರಡು ತೊಟ್ಟು ಬಿದ್ರೆ ಸಳಕ್ಕಂತ ಬುಟ್ಕಂತದೆ. ನಿಮ್ಮ ಮೂಗ್ಗೂ ಬಿಟ್ಟಿದ್ರೆ ನಿಮ್ಮತ್ತೆ ಮನೆಯೋರು ನೆಮ್ಮದಿಯಾಗಿ ಮಲಗ್ತಿದ್ರು."

"ತಿಪಟೂರಿಗೆ ಹೋಗಿ ಒಂದ್ಸಲ ತೋರಿಸ್ಕೊಂಡು ಬರೋಣ ಅಂತ" ಎಂದ ಭೀಮರಾಜು, ಯಾರಿಗೆ ಎಂದು ಗೊತ್ತಾಗದ ಹಾಗೆ. ಚಿಕ್ಕಗೌರಮ್ಮ ಅಡಿಗೆಮನೆಯಿಂದ ಹೊರಬಂದರು. ಮದುವೆಯಾದಾಗಿನಿಂದ ಅವರು ಅಳಿಯನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಅವರಿಬ್ಬರ ಮಧ್ಯೆ ಪಡಸಾಲೆಯ ಕಂಬವೊಂದಿತ್ತು, ಅದಕ್ಕೆ ಹೇಳುತ್ತಿದ್ದರು.

"ತಿಂಗ್ಳು ತುಂಬ್ದಿರೋ ಕೂಸ್ನ ಆಟೋದಾಗೆ ಹಾಕ್ಕಂಡು ಹೋಗ್ಬೇಕಂತೆ. ಗಾಳಿ ಸೋಕಿದ್ರೆ ಯಾರು ಹೊಣೆ. ಅವ್ರಪ್ಪ ಇಷ್ಟು ವರ್ಸ ಗೊರ್ಕೆ ಹೊಡ್ದವ್ರೆ, ಯಾವ ಡಾಕ್ಟ್ರಿಗೆ ತೋರ್ಸಿದ್ರು. ಚೆನ್ನಾಗೇ ಅವ್ರಲ್ಲ."

"ಸದ್ದು ಬತ್ತಾ ಇದ್ರೆ ಒಳ್ಳೇದು ಕಣಪ್ಪ" ಎಂದರು ಶ್ರೀರಂಗಯ್ಯ ಕಾಯಿಯೊಂದನ್ನು ಕಿವಿಯಿಂದ ಇಳಿಸುತ್ತ. ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವರು ಮೊಮ್ಮಗಳನ್ನು ಎರಡು ಕೈಯಲ್ಲೂ ಎತ್ತಿ ಅಭ್ಯಾಸಬಲದಿಂದ ಕಿವಿಯ ಹತ್ತಿರ ತಂದಿದ್ದರು. "ಅಲ್ಲಾಡಿಸಬೇಡಿ ಮಾವ" ಎಂದು ಭೀಮರಾಜು ಅಂದುಬಿಟ್ಟಿದ್ದ. ಅವರಿಗೆ ಅಲ್ಲಾಡಿಸುವ ಯೋಚನೆಯೇ ಇರಲಿಲ್ಲ. ಆ ಮಾತು ಅವನಿಗಿಂತ ಮುಂಚೆ ಊರು ಸೇರಿ, ಈಗ ಹುಳಿಯಾರಿನ ನೆಂಟರವರೆಗೂ ಹೋಗಿತ್ತು. ಇನ್ನು ಇಲ್ಲಿಗೆ ಮುಗಿಯಿತು, ಸಂಜೆ ಬಸ್ಸಿಗೆ ಹೋಗುವುದು, ನಾಳೆ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಉಸಿರು ಒಳಗೆ, ಹೊರಗೆ ಎಂದು ಹೇಳುವುದು ಎಂದು ಅವನು ಮನಸ್ಸಿನಲ್ಲೇ ಸೋತು ಕುರ್ಚಿಯ ಕಡೆ ತಿರುಗುವಷ್ಟರಲ್ಲಿ ಸೀರೆಯ ಹಿಂದಿನಿಂದ ಪವಿತ್ರಾ ಮಾತಾಡಿದಳು.

"ಹಾಲು ಕುಡೀವಾಗ ಬಿಟ್ಟು ಬಿಟ್ಟು ಕುಡೀತಾಳೆ."

"ಎಲ್ಲಾ ಕೂಸೂ ಬಿಟ್ಟು ಬಿಟ್ಟೇ ಕುಡಿಯದು ಕಣೇ" ಎಂದರು ಚಿಕ್ಕಗೌರಮ್ಮ.

"ಸಾಕಾಗಿ ಬಿಡಲ್ಲಮ್ಮ. ಉಸ್ರು ಎಳ್ಕಳಾಕೆ ಬಿಡ್ತಾಳೆ. ಎಳ್ಕಂಡು ಮತ್ತೆ ಹಿಡೀತಾಳೆ. ನಂಗೆ ಗೊತ್ತಾಗ್ತಿತ್ತು. ಹೇಳಾನ ಅಂದ್ರೆ ನೀವೆಲ್ಲ ಇವರ ಹೆಸ್ರು ಹೇಳ್ಕಂಡು ನಗ್ತಿದ್ರಿ. ನಾನೂ ಒಂದು ಹೇಳಿದ್ರೆ ಇವ್ರಿಗೆ ಇನ್ನೊಂದು ಆಗ್ತದೆ ಅಂತ ಸುಮ್ನಿದ್ದೆ." ಬಾಗಿಲ ಸೀರೆ ಸರಿಸಿ ಇವನಿಗೆ ಅಂದಳು: "ಆಟೋಗೆ ಹೇಳಿ."

ಭೀಮರಾಜುವಿಗೆ ಮೊದಲು ಆದದ್ದು ಸಂತೋಷ. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಕಡೆ ಕೂತು ಒಂದೇ ಸದ್ದಿಗೆ ಕಿವಿಗೊಟ್ಟಿದ್ದೆವು ಎಂಬ ಸಂತೋಷ. ಅದರ ಹಿಂದೆಯೇ, ತನ್ನ ಮರ್ಯಾದೆ ಉಳಿಸಲು ಇವಳು ಮಗುವಿನ ವಿಷಯ ಬಾಯಿಬಿಡಲಿಲ್ಲವಲ್ಲ, ಆ ಮರ್ಯಾದೆಯಾದರೂ ಎಂಥದ್ದು ಎಂಬ ನಾಚಿಕೆ ಬಂದು, ಆಟೋದವನಿಗೆ ಫೋನು ಮಾಡುವಾಗ ಅವನ ದನಿ ಒಡೆಯಿತು. ಆ ಕಡೆಯವನು ಯಾರು ತೀರಿಕೊಂಡದ್ದು ಎಂದು ಕೇಳಿದ.

ಎಲ್ಲರೂ ಹೊರಟರು. ಬಾಣಂತಿಗೆ ಗಾಳಿ ತಾಗಬಾರದೆಂದು ಚಿಕ್ಕಗೌರಮ್ಮ ಒಂದು ಕಡೆ, ಡಾಕ್ಟರಿಗೆ ಕೊಡಲು ಎಳನೀರಿನ ಚೀಲ ಹಿಡಿದ ಶ್ರೀರಂಗಯ್ಯ ಇನ್ನೊಂದು ಕಡೆ, ಮಧ್ಯದಲ್ಲಿ ಕಿವಿಗೆ ಹತ್ತಿ, ತಲೆಗೆ ಟವೆಲು ಸುತ್ತಿಕೊಂಡ ಪವಿತ್ರಾ, ಅವಳ ಸೆರಗಿನೊಳಗೆ ಎಲ್ಲೋ ಮಗು. ಭೀಮರಾಜು ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ಕೂತ. ರಸ್ತೆಯುದ್ದಕ್ಕೂ ತೋಟಗಳಿದ್ದವು, ಕಾಯಿ ಸುಲಿಯುವವರು ನೆಲಕ್ಕೆ ನೆಟ್ಟ ಕಬ್ಬಿಣದ ಗಸಿಯ ಮುಂದೆ ಬಾಗಿ ಏಳುತ್ತಿದ್ದರು. ಅವನು ಹಿಂದಕ್ಕೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಆಟೋದ ಸದ್ದಿನಲ್ಲಿ ಕೇಳುತ್ತಿಲ್ಲವೇನೋ ಎಂದು ಹಳ್ಳಿಯೊಂದರ ರೋಡ್ ಹಂಪಿನ ಹತ್ತಿರ ಆಟೋ ನಿಧಾನವಾದಾಗ ತಿರುಗಿ, "ಸದ್ದು ಬರ್ತಾ ಇದೆಯಾ?" ಎಂದು ಕೇಳಿದ.

"ಇಲ್ಲ. ಆರಾಮಾಗಿ ಮಲಗವ್ಳೆ" ಎಂದಳು ಪವಿತ್ರಾ.

"ಗಾಳಿ ಕುಡೀತು, ಸರೋಯ್ತು" ಎಂದರು ಚಿಕ್ಕಗೌರಮ್ಮ, ಬೆಳಿಗ್ಗೆ ಗಾಳಿಯ ಬಗ್ಗೆ ಅಂದದ್ದನ್ನು ಮರೆತು. ಅಮ್ಮನ ಎದೆಗೆ ನೇರವಾಗಿ ಒರಗಿದ ಮಗು ಸದ್ದಿಲ್ಲದೆ, ಬೇರೆಯವರ ಮನೆಯ ಮಕ್ಕಳ ಹಾಗೆ ಉಸಿರಾಡುತ್ತಿತ್ತು. ಡಾಕ್ಟರ ಮುಂದೆಯೂ ಹೀಗೇ ಮಲಗಿಬಿಟ್ಟರೆ ಏನು ಗತಿ. ಒಂದೇ ಒಂದು ಸಲ ಸದ್ದು ಮಾಡು ತಾಯಿ ಎಂದು ಭೀಮರಾಜು ಮನಸ್ಸಿನಲ್ಲೇ ಬೇಡುತ್ತ ಕೈಮುಗಿದ. ಮುಗಿದ ಕೈಯನ್ನು ತಾನೇ ನೋಡಿ, ಇದೆಂಥ ಬೇಡಿಕೆ ಎಂದು ಬಿಡಿಸಿಕೊಂಡ.

ಅವನು ಹೆದರಿದ ಹಾಗೆಯೇ ಆಯಿತು. ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತಾಡುವ ಮುಂಚೆ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮಗುವನ್ನು ತೂಗಿದರು, ಜ್ವರ ನೋಡಿದರು. ಅವರ ಕೈಯಲ್ಲೂ ಮಗು ನಿದ್ದೆ ಬಿಡಲಿಲ್ಲ.

"ಎಲ್ಲಿ ಸದ್ದು?"

ನಾಲ್ಕು ಜನವೂ ಮಗುವನ್ನು ನೋಡಿದರು. ಶ್ರೀರಂಗಯ್ಯ ಕತ್ತು ಮುಂದೆ ಚಾಚಿ ಕಿವಿಯನ್ನು ಮೇಜಿನ ಮಟ್ಟಕ್ಕೆ ತಂದರು. ಭೀಮರಾಜು, "ರೆಕಾರ್ಡಿಂಗ್ ಇದೆ ಮೇಡಂ" ಎಂದು ಫೋನು ತೆಗೆದ. ಅದನ್ನು ಅವನು ತಾನೇ ಇನ್ನೂ ಕೇಳಿರಲಿಲ್ಲ, ಕೇಳಲು ಭಯವಾಗಿತ್ತು. ಸದ್ದು ಸರಿಯಾಗಿ ಕೇಳಿಸಲೆಂದು ವಾಲ್ಯೂಮನ್ನು ಪೂರ್ತಿ ಏರಿಸಿ ಬಟನ್ ಒತ್ತಿ ಮೇಜಿನ ಮೇಲಿಟ್ಟ.

ಮೊದಲು ತೊಟ್ಟಿಲ ಹಗ್ಗದ ಕಿರುಗು ಕೇಳಿಸಿತು. ಆಮೇಲೆ, ಏರಿನಲ್ಲಿ ಕಾಯಿ ತುಂಬಿದ ಲಾರಿಯೊಂದು ಗೇರು ಬದಲಾಯಿಸಿದಂತೆ ಶುರುವಾಗಿ, ಮೇಜಿನ ಮೇಲಿದ್ದ ಪೆನ್ನು ಅಲುಗುವಂಥ ಒಂದು ಗೊರಕೆ ಆ ಕೋಣೆಯನ್ನು ತುಂಬಿತು. ಹೊರಗೆ ಕಾಯುತ್ತಿದ್ದವರ ಮಾತು ಗಪ್ಪನೆ ನಿಂತಿತು. ಯಾರದೋ ಮಗು ಅಳತೊಡಗಿತು. ನರ್ಸು ಬಾಗಿಲು ತೆರೆದು ಇಣುಕಿ ನೋಡಿ, ಮುಚ್ಚಿಕೊಂಡಳು.

"ಇದು ಮಗೂದಾ?" ಎಂದರು ಡಾಕ್ಟರು.

"ಅಲ್ಲ ಮೇಡಂ. ಅದು ನಂದು."

"ನಾವ್ ಹೇಳಿದ್ದೂ ಅದೇ ಕಣ್ರವ್ವ" ಎಂದರು ಚಿಕ್ಕಗೌರಮ್ಮ. ಗೋಡೆಯ ಮೇಲೆ ಲಸಿಕೆಯ ಚಿತ್ರವಿತ್ತು, ಅದಕ್ಕೆ ಹೇಳಿದರು.

ಭೀಮರಾಜು ಫೋನನ್ನು ನಿಲ್ಲಿಸಲು ಕೈ ಚಾಚಿದ. ಡಾಕ್ಟರು ಬೇಡವೆಂದು ತಾವೇ ಎತ್ತಿಕೊಂಡು ಕಿವಿಗೆ ಹಿಡಿದರು. ಹಿಡಿದು ತುಂಬ ಹೊತ್ತು ಕೇಳಿದರು. ಗೊರಕೆ ಒಂದು ಕಡೆ ಇದ್ದಕ್ಕಿದ್ದಂತೆ ನಿಂತಿತು. ಅವರ ಹುಬ್ಬು ಮೇಲೆ ಹೋಯಿತು. ಆ ಮೌನದಲ್ಲಿ, ತೆಳ್ಳಗೆ, ಬಹಳ ದೂರದಲ್ಲಿ ಎಂಬಂತೆ, ಕೋಳಿಮರಿಯ ಸದ್ದು ಕೇಳಿಸಿತು. ಕೀಂ. ಮತ್ತೆ ಕೀಂ. ಆಮೇಲೆ ಲಾರಿ ಫಕ್ಕನೆ ಉಬ್ಬುಸಬಿದ್ದು ಮತ್ತೆ ಹೊರಟಿತು. ಡಾಕ್ಟರು ಫೋನು ಕೆಳಗಿಟ್ಟರು. "ಇದರ ಕೆಳಗೆ ಇನ್ನೊಂದಿದೆ. ಸರಿ, ಹೇಳಿ. ಆ ಸದ್ದು ಉಸಿರು ಒಳಗೆ ಎಳ್ಕೊಳ್ಳುವಾಗ ಬರುತ್ತೋ, ಬಿಡುವಾಗ ಬರುತ್ತೋ?"

ಇದು ಅವನಿಗೇ ಕೇಳಿದ ಪ್ರಶ್ನೆ. ಇಪ್ಪತ್ತಕ್ಕೂ ಹೆಚ್ಚು ಸಾಲು ಮಕ್ಕಳಿಗೆ ದಿನಾ ಬೆಳಿಗ್ಗೆ ಒಳಗೆ, ಹೊರಗೆ ಎಂದು ಹೇಳಿಕೊಡುವ ಮನುಷ್ಯ. ನಿನ್ನೆಯಿಂದ ಈ ಸದ್ದನ್ನು ಕೋಳಿಗೂ ವಾಲಿಬಾಲಿಗೂ ಹೋಲಿಸುತ್ತ ಕೂತಿದ್ದವನು ಅದು ಎಳೆಯುವಾಗಲೋ ಬಿಡುವಾಗಲೋ ಎಂದು ನೋಡಿಯೇ ಇರಲಿಲ್ಲ. ಸದ್ದು ತನ್ನದೋ ಅಲ್ಲವೋ ಎಂದಷ್ಟೇ ಕೇಳಿಸಿಕೊಂಡಿದ್ದ.

"ಬಿಡುವಾಗ ಮೇಡಂ" ಎಂದ.

"ಎರಡಕ್ಕೂ ಬತ್ತದೆ" ಎಂದರು ಚಿಕ್ಕಗೌರಮ್ಮ.

"ಮಾಡಿ ನೋಡಾನ ತಡೀರಿ" ಎಂದು ಶ್ರೀರಂಗಯ್ಯ ಬಾಯಿ ತೆರೆದು ಉಸಿರೆಳೆದು ಕೀಂ ಅನ್ನಿಸಲು ನೋಡಿದರು. ಬರಲಿಲ್ಲ. ಬಿಟ್ಟು ನೋಡಿದರು, ಕೆಮ್ಮು ಬಂತು. ಅವರನ್ನು ನೋಡಿ ಚಿಕ್ಕಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ಗುಟ್ಟಾಗಿ ಎಳೆದು ನೋಡಿದರು. ಭೀಮರಾಜುವಿಗೂ ಎದೆ ತಾನಾಗಿ ಉಬ್ಬಿತು. ಮೂವರು ದೊಡ್ಡವರು ಕುರ್ಚಿಗಳಲ್ಲಿ ಕೂತು ಎಳೆಯುವುದು, ಬಿಡುವುದು ಮಾಡುತ್ತಿರುವಾಗ ಪವಿತ್ರಾ ಹೇಳಿದಳು:

"ಎಳ್ಕಳುವಾಗ. ಎಳ್ಕಳುವಾಗ ಮಾತ್ರ. ಅತ್ತಾಗ ಜಾಸ್ತಿ, ಅಂಗಾತ ಮಲಗಿಸಿದ್ರೆ ಜಾಸ್ತಿ. ಎತ್ಕಂಡ್ರೆ ಕಮ್ಮಿ."

"ನೀಲಿ ಆಗ್ತಾಳಾ?"

"ಇಲ್ಲ."

"ಅಳುವಾಗ ದನಿ ಒಡೆದ ಹಾಗೆ ಇದೆಯಾ?"

"ಇಲ್ಲ, ಅಳು ಚೆನ್ನಾಗೈತೆ."

ಡಾಕ್ಟರು ತಲೆಯಾಡಿಸಿ ಮಗುವನ್ನು ಅಂಗಾತ ಮಲಗಿಸಿದರು. ಸಣ್ಣ ಮೆತ್ತನೆಯ ನಳಿಗೆಯೊಂದನ್ನು ಒಂದು ಮೂಗಿನ ಹೊಳ್ಳೆಯಲ್ಲಿ, ಆಮೇಲೆ ಇನ್ನೊಂದರಲ್ಲಿ ಬಿಟ್ಟು ನೋಡಿದರು. ಎರಡರಲ್ಲೂ ಸಲೀಸಾಗಿ ಹೋಯಿತು. ಮಗು ಎಚ್ಚೆತ್ತು, ಮುಖವನ್ನು ಕೆಂಪಗೆ ಮಾಡಿಕೊಂಡು ಅತ್ತಿತು, ಮತ್ತು ಬಂತು. ಕೀಂ. ಭೀಮರಾಜುವಿನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಮಗಳು ಸ್ಟೇಜಿನ ಮೇಲೆ ಮರೆತ ಸಾಲನ್ನು ಕೊನೆಗೂ ಹೇಳಿದಳೆಂಬಂತೆ. ಡಾಕ್ಟರು ಅಂಗಿ ಮೇಲೆತ್ತಿ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎಷ್ಟು ಗುಳಿ ಬೀಳುತ್ತದೆಂದು ನೋಡಿದರು. ಕೈಯ ಮೇಲೆ ಬೋರಲು ಹಾಕಿಕೊಂಡರು. ಸದ್ದು ಇಳಿಯಿತು. ತಿರುಗಿಸಿದರು; ಏರಿತು.

"ಮೂಗು ಕಟ್ಟಿದ್ರೆ ಗೊರಗೊರ ಅನ್ನುತ್ತೆ. ಎದೆ ಒಳಗಿನದಾದ್ರೆ ಬಿಡುವಾಗ ಸುಂಯ್ ಅನ್ನುತ್ತೆ. ಇದು ಗಂಟಲ ಮೇಲ್ಗಡೆದು, ಅದಕ್ಕೇ ಎಳ್ಕೊಳ್ಳುವಾಗ. ಅಲ್ಲಿ ಇನ್ನೂ ಮೆತ್ತಗಿದೆ, ಎಳನೀರಿನ ತಿರುಳಿನ ಹಾಗೆ. ಉಸಿರು ಎಳೆದಾಗ ಒಳಕ್ಕೆ ಮಡಚ್ಕೊಳ್ಳುತ್ತೆ, ಸದ್ದು ಬರುತ್ತೆ."

"ಅಂದ್ರೆ ಬಲ್ತಿಲ್ಲ" ಎಂದರು ಶ್ರೀರಂಗಯ್ಯ.

"ಬಲಿತಿಲ್ಲ. ಬಲಿಯುತ್ತೆ. ಇನ್ನು ಕೆಲವು ತಿಂಗಳು ಸದ್ದು ಜಾಸ್ತೀನೇ ಆಗಬಹುದು, ಹೆದರ್ಬೇಡಿ. ವರ್ಷ, ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ತಾನೇ ಹೋಗುತ್ತೆ. ತೂಕ ಏರ್ತಾ ಇದೆಯಾ ಅಂತ ನಾನು ನೋಡ್ತಾ ಇರ್ತೀನಿ. ಏರದಿದ್ರೆ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿಸೋಣ. ನೀಲಿಯಾದ್ರೆ, ಹಾಲು ಬಿಟ್ರೆ, ಎದೆ ಆಳಕ್ಕೆ ಸೆಳೆದ್ರೆ, ಉಸಿರು ನಿಂತು ನಿಂತು ಬಂದ್ರೆ ತಡ ಮಾಡದೆ ಬನ್ನಿ. ಮಲಗಿಸೋದು ಬೆನ್ನ ಮೇಲೇ, ಸದ್ದು ಕಮ್ಮಿಯಾಗುತ್ತೆ ಅಂತ ಬೋರಲು ಹಾಕ್ಬೇಡಿ. ಮೂಗಿಗೆ ಎಣ್ಣೆ ಬಿಡ್ತಿದ್ದೀರಾ?"

ಮಗುವಿನ ಮೂಗು ಹೊಳೆಯುತ್ತಿತ್ತು.

"ಬಿಡಬೇಡಿ. ಎದೆಗೆ ಇಳಿದ್ರೆ ಬೇರೆ ತೊಂದರೆ. ಇದಕ್ಕೆ ಲ್ಯಾರಿಂಗೋಮಲೇಶಿಯಾ ಅಂತಾರೆ."

ಹೆಸರು. ಭೀಮರಾಜು ಅದನ್ನು ಬಾಯೊಳಗೇ ಹೇಳಿಕೊಂಡ. ಉದ್ದವಾಗಿತ್ತು, ಗಂಭೀರವಾಗಿತ್ತು, ಛತ್ರದ ಹಾಲಿನಲ್ಲಿ ಎದ್ದು ನಿಂತು ಹೇಳಬಹುದಾದಂಥ ಹೆಸರಾಗಿತ್ತು. "ಹಾಗಾದ್ರೆ ಇದು ನನ್ನಿಂದ ಬಂದದ್ದಲ್ಲ, ಅಲ್ವಾ ಮೇಡಂ?"

"ಗೊರಕೆಗೂ ಇದಕ್ಕೂ ಸಂಬಂಧ ಇಲ್ಲ."

"ಇನ್ನೊಂದ್ಸಲ ಹೇಳಿ ಮೇಡಂ. ನಮ್ಮತ್ತೆಗೆ ಸರಿಯಾಗಿ ಕೇಳಿಸಲ್ಲ."

ಚಿಕ್ಕಗೌರಮ್ಮನಿಗೆ ಅಟ್ಟದ ಮೇಲೆ ಇಲಿ ಓಡಿದ್ದೂ ಕೇಳಿಸುತ್ತಿತ್ತು. ಡಾಕ್ಟರು ಇನ್ನೊಂದು ಸಲ ಹೇಳಿದರು. ಶ್ರೀರಂಗಯ್ಯನವರ ಮನಸ್ಸು ಮಾತ್ರ ಹಿಂದೆಯೇ ನಿಂತಿತ್ತು.

"ಮಲೇಷಿಯಾನ? ಅಲ್ಲಿಂದ ಪಾಮಾಯಿಲು ಬಂದೇ ನಮ್ಮ ಕೊಬ್ರಿ ರೇಟು ಕುಂತೋಯ್ತು ಅಂತ ಮಾರ್ಕೆಟ್ಟಲ್ಲಿ ಮಾತಾಡ್ತಾರೆ. ಈಗ ಕೂಸ್ಗೂ ಅಲ್ಲಿಂದ್ಲೇ ಬಂತಾ ತಾಯಿ."

"ಅದು ದೇಶ ಅಲ್ಲ ಯಜಮಾನ್ರೇ. ಮೆತ್ತಗಿರೋದಕ್ಕೆ ಇಟ್ಟ ಹೆಸರು."

"ದೇಸ ಅಲ್ದೆ ಏನು. ನಮ್ಮನೇಲಿ ಆ ಎಣ್ಣೆ ಒಲೆ ಹತ್ರಕ್ಕೂ ಸೇರ್ಸಲ್ಲ" ಎಂದ ಚಿಕ್ಕಗೌರಮ್ಮ, ಅಲ್ಲಿಗೇ ಏನೋ ಹೊಳೆದು, ಲಸಿಕೆಯ ಚಿತ್ರದಿಂದ ಕಣ್ಣು ತೆಗೆದು ನಿಧಾನವಾಗಿ ಅಳಿಯನ ಕಾಲಿನವರೆಗೆ ತಂದರು. ಪವಿತ್ರಾ ಬಸುರಿಯಾಗಿದ್ದಾಗ ಸ್ಕೂಲು ಬಿಟ್ಟು ಬರುವಾಗ ಅವನು ಬಸ್‌ಸ್ಟ್ಯಾಂಡಿನ ಹೋಟಲಿನಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಿದ್ದ, ಪಾಮಾಯಿಲಿನಲ್ಲಿ ಕರಿದ ಮೆಣಸಿನಕಾಯಿ ಬೋಂಡ ಅವರಿಗೆ ಗೊತ್ತಿತ್ತು. ಅವಳೇ ಆಸೆಪಟ್ಟು ತರಿಸುತ್ತಿದ್ದಳು ಎಂದು ಹೇಳಬಹುದಿತ್ತು. ಹೇಳಿದರೆ ಅವಳ ಮೇಲೆ ಹಾಕಿದಂತಾಗುತ್ತದೆ. ಬಿಡುಗಡೆಯಾಗಿ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ, ಆಗಲೇ ಮತ್ತೊಂದು ದಾರಿಯಿಂದ ತನ್ನನ್ನು ಹಿಡಿದು ತಂದು ನಿಲ್ಲಿಸಿದ್ದರು. ವಿಚಿತ್ರವೆಂದರೆ ಪೇಪರಿಗೆ ಹತ್ತಿದ ಎಣ್ಣೆಯ ಕಲೆ ಕಣ್ಣ ಮುಂದೆ ಬಂದು, ಇದ್ದರೂ ಇರಬಹುದೇನೋ ಎಂದು ಅವನಿಗೂ ಒಂದು ಗಳಿಗೆ ಅನ್ನಿಸಿತು.

ಎಲ್ಲರೂ ಎದ್ದರು. "ನೀವು ಕೂತ್ಕೊಳಿ" ಎಂದರು ಡಾಕ್ಟರು ಅವನಿಗೆ. ಉಳಿದವರೂ ಕೂತರು.

"ಮಗೂದು ಹೆದರೋ ಅಂಥದ್ದಲ್ಲ. ನಿಮ್ಮದನ್ನ ಯಾರಾದ್ರೂ ನೋಡಿದಾರಾ?"

"ನಂದು ಬರೀ ಸದ್ದು ಮೇಡಂ."

"ಸದ್ದಿದ್ದಾಗ ಪರವಾಗಿಲ್ಲ. ಮಧ್ಯೆ ನಿಂತು ಹೋಗುತ್ತಲ್ಲ, ಅದು. ಗೊರಕೆ ನಿಂತದ್ದಲ್ಲ ಅದು, ಉಸಿರೇ ನಿಂತಿರಬಹುದು. ಹಗಲೆಲ್ಲ ತೂಕಡಿಕೆ ಬರುತ್ತಾ?" ಅವನು ಇಳಿಯಬೇಕಾದ ಸ್ಟಾಪುಗಳನ್ನು ದಾಟಿ ಹೋದದ್ದನ್ನೆಲ್ಲ ನೆನೆದು ತಲೆಯಾಡಿಸಿದ. "ನಾನು ಮಕ್ಕಳ ಡಾಕ್ಟ್ರು. ನಿಮ್ಮನ್ನ ಮೇಜಿನ ಮೇಲೆ ಮಲಗಿಸಿ ನೋಡೋಕಾಗಲ್ಲ. ಕಿವಿ ಮೂಗು ಗಂಟಲಿನವರ ಹತ್ರ ಹೋಗಿ. ಈ ವಾರಾನೇ ಹೋಗಿ. ಈ ರೆಕಾರ್ಡಿಂಗ್ ಅಳಿಸ್ಬೇಡಿ, ಅವರಿಗೆ ಕೇಳಿಸಿ. ಚೆನ್ನಾಗಿ ಬಂದಿದೆ."

ವಾಪಸ್ಸು ಬರುವಾಗ ಆಟೋದಲ್ಲಿ ಯಾರೂ ನಗಲಿಲ್ಲ. ನಗುತ್ತಾರೆಂದು ಸಿದ್ಧನಾಗಿ ಕೂತಿದ್ದ ಭೀಮರಾಜುವಿಗೆ ಅದೇ ಕಷ್ಟವಾಯಿತು. ಅರ್ಧ ದಾರಿಯಲ್ಲಿ ಶ್ರೀರಂಗಯ್ಯ ಮಾತ್ರ, ಎಳನೀರಿನ ಚೀಲ ಡಾಕ್ಟರ ಹತ್ತಿರ ಬಿಡುವುದನ್ನೇ ಮರೆತು ಮಡಿಲಲ್ಲಿಟ್ಟುಕೊಂಡಿದ್ದವರು, "ಕೂಸು ಬಲೀತದೆ ಬುಡು. ನೀನು ಬಲ್ತಾಗೈತಲ್ಲಪ್ಪ, ಅದ್ಕೇ ಯೋಚ್ನೆ" ಎಂದರು. ಮನೆಯ ಮುಂದೆ ಸಿದ್ದಕ್ಕ ಕಾದಿದ್ದಳು. ಆಟೋ ನಿಲ್ಲುವ ಮುಂಚೆಯೇ ಏನಂತೆ ಎಂದು ಕೇಳಿದಳು. "ಕೂಸಿಗೆ ಮಲೇಷಿಯಾ ಅಂತೆ, ಅದೇನೂ ಆಗಲ್ಲವಂತೆ" ಎಂದರು ಚಿಕ್ಕಗೌರಮ್ಮ ಇಳಿಯುತ್ತ. "ಅಳಿಯಂದ್ರುದೇ ಜಾಸ್ತಿ ಆಗೈತಂತೆ. ಎಣ್ಣೆ ಬಟ್ಲು ಅಲ್ಲೇ ಮಡುಗು, ಇನ್ನು ಮೂಗಿನ ತಾವ ತರಬ್ಯಾಡ."

ಊಟವಾಯಿತು. ಕರೆಂಟು ಹೋಯಿತು. ಮಧ್ಯಾಹ್ನದ ಬಿಸಿಲಿಗೆ ಅಟ್ಟದ ಹೆಂಚು ಚಿಟಿಚಿಟಿ ಅನ್ನತೊಡಗಿತು. ಭೀಮರಾಜು ಚಾಪೆ ಸುತ್ತಿಕೊಂಡು ಜಗಲಿಯ ಕಡೆ ಹೊರಟವನು, "ಅಲ್ಲಿ ಬ್ಯಾಡ" ಎಂಬ ಮಾತಿಗೆ ನಿಂತ. ಚಿಕ್ಕಗೌರಮ್ಮ ಅವನನ್ನೇ ನೋಡುತ್ತಿದ್ದರು. ಕಂಬ ಪಕ್ಕದಲ್ಲೇ ಇತ್ತು, ಅದಕ್ಕೆ ಹೇಳಲಿಲ್ಲ. "ಅಲ್ಲಿ ನಿಂತೋದ್ರೆ ಯಾರು ನೋಡವ್ರು. ಒಳಗೆ ಮಲಿಕ್ಕಳಿ." ಬಾಣಂತಿ ಕೋಣೆಯಲ್ಲಿ ಗಂಡಸು ಪೂರ್ತಿ ಮಲಗುವಂತಿಲ್ಲವೆಂದು ಚಾಪೆಯನ್ನು ಹೊಸ್ತಿಲಿಗೆ ಅಡ್ಡ ಹಾಸಿದರು. ಅವನು ಮಲಗಿದಾಗ ಬಾಗಿಲ ಸೀರೆ ಅವನ ಸೊಂಟದ ಮೇಲೆ ಬಿದ್ದು, ತಲೆ ಒಳಗೆ, ಕಾಲು ಪಡಸಾಲೆಗೆ ಆಯಿತು. ಒಳಗೆ ಒಂದು ಪಕ್ಕ ತೊಟ್ಟಿಲು, ನಡುವೆ ಪವಿತ್ರಾ. ಮಗು ಉಸಿರೆಳೆಯಿತು. ಕೀಂ. ಎಳೆಯುವಾಗಲೇ, ಎಷ್ಟು ಸ್ಪಷ್ಟವಾಗಿ. ಅವನು ಕಣ್ಣು ಬಿಟ್ಟುಕೊಂಡು, ಇವತ್ತು ಮಾತ್ರ ನಿದ್ದೆ ಮಾಡಬಾರದು, ತನ್ನಿಂದ ಒಂದು ಸದ್ದೂ ಹೊರಡಬಾರದು, ಇವಳಾದರೂ ಒಂದು ಗಳಿಗೆ ಕಣ್ಣು ಮುಚ್ಚಲಿ ಎಂದು ಮೂಗಿನಿಂದ ಮೆಲ್ಲಗೆ, ಕಳ್ಳನ ಹಾಗೆ ಉಸಿರಾಡುತ್ತ ಅಲುಗದೆ ಮಲಗಿದ. ಬಹಳ ಹೊತ್ತಾಯಿತು. ಪವಿತ್ರಾಳ ಬೆರಳು ಬಂದು ಪಕ್ಕೆಗೆ ತಿವಿಯಿತು.

"ಏನೇ?"

"ನಿಂತೋಗಿತ್ತು."

"ಎಚ್ಚರವಾಗೇ ಇದೀನಿ ಕಣೇ. ನಿದ್ದೆ ಬಂದ್ರೆ ತಾನೇ ಸದ್ದು."

"ಹಂಗಾದ್ರೆ ನಿದ್ದೆ ಮಾಡ್ರೀ" ಎಂದಳು, ಬೇಡುವವಳ ಹಾಗೆ. "ಸದ್ದು ಬತ್ತಾ ಇದ್ರೆ ನಂಗೂ ಮಂಪರು ಬತ್ತದೆ. ಹಿಂಗೆ ಗಪ್ಪಂತ ಮಲಗಿದ್ರೆ ಆ ಕಡೇನೂ ಕಾಯ್ಬೇಕು, ಈ ಕಡೇನೂ ಕಾಯ್ಬೇಕು."

ಭೀಮರಾಜು ಕಣ್ಣು ಮುಚ್ಚಿದ. ಇಷ್ಟು ವರ್ಷ ಬೇಡವೆಂದರೂ ಬರುತ್ತಿದ್ದುದು ಬೇಕೆಂದಾಗ ಬರಲಿಲ್ಲ. ಸ್ವಲ್ಪ ಕಾದು ನೋಡಿ, ಬಾಯಿ ಅರ್ಧ ತೆರೆದು, ತಾನು ಡಾಕ್ಟರ ಮೇಜಿನ ಮೇಲಿಟ್ಟ ಫೋನಿನಲ್ಲಿ ಕೇಳಿದ್ದನ್ನು ನೆನಪು ಮಾಡಿಕೊಂಡು, ಗಂಟಲನ್ನು ಸಡಿಲ ಬಿಟ್ಟು ಒಂದು ಗೊರಕೆ ಎಳೆದ. ತೆಳ್ಳಗಾಯಿತು. ಇನ್ನೊಂದನ್ನು ಸ್ವಲ್ಪ ಭಾರವಾಗಿ ಎಳೆದ. ಅದು ಸರಿಯಾಗಿತ್ತು. ಪವಿತ್ರಾ ಮಗ್ಗುಲಾದಳು, ಅವಳ ಕೈ ಅವನ ಪಕ್ಕೆಯ ಮೇಲೆಯೇ ಉಳಿದು ಸ್ವಲ್ಪ ಹೊತ್ತಿಗೆ ಭಾರವಾಯಿತು. ನಿಲ್ಲಿಸೋಣವೆಂದು ಅವನು ಒಂದು ಉಸಿರು ತಡೆದದ್ದೇ ತಡ, ಆ ಕೈ ಬೆಚ್ಚಿ ಬೆರಳು ಮಡಚಿತು, ಪಡಸಾಲೆಯಲ್ಲಿ ಅವನ ಕಾಲ ಬಳಿ ಯಾರೋ ಎದ್ದು ಕೂತ ಬಳೆಯ ಸದ್ದಾಯಿತು. ಅವನು ತಕ್ಷಣ ಮತ್ತೆ ಶುರುಮಾಡಿದ. "ಸದ್ಯ" ಎಂದು ಅತ್ತೆ ಮತ್ತೆ ಮಲಗಿಕೊಂಡದ್ದು ಕೇಳಿಸಿತು. ಇಬ್ಬರೂ ಹೆಂಗಸರು ನಿದ್ದೆ ಹೋದರು, ಮಗು ತನ್ನ ಪಾಡಿಗೆ ಎಳೆಯುತ್ತಲೇ ಇತ್ತು, ಮತ್ತು ಭೀಮರಾಜು ಕಣ್ಣು ಪೂರ್ತಿ ತೆರೆದುಕೊಂಡು, ಕತ್ತಲ ಅಟ್ಟದ ಹಲಗೆಗಳನ್ನು ನೋಡುತ್ತ, ಎಲ್ಲಿಯೂ ತಪ್ಪಿಸದೆ ಗೊರಕೆ ಹೊಡೆಯುತ್ತ ಹೋದ.